ಲಾಕ್‌ಡೌನ್ ಕಾಲದ ಆನ್‌ಲೈನ್ ಚಿತ್ರೋತ್ಸವಗಳು: ಮೂರನ್ನು ನೋಡಿ ಹೋಲಿಸಿದಾಗ

2020ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳು ಬಾಗಿಲು ಹಾಕಿದ ಮೇಲೆ ಜಗತ್ತಿನ ಹಲವು ಚಿತ್ರೋತ್ಸವಗಳು ಅಂತರ್ಜಾಲಕ್ಕೆ ಬಂದವು. ಅವುಗಳಲ್ಲಿ ನಾನು ಗಮನವಿಟ್ಟು ನೋಡಿದವು ಮೂರು: ಯೂಟ್ಯೂಬ್‌ನಲ್ಲಿ ಉಚಿತವಾಗಿ ನಡೆದ ‘ವಿ ಆರ್ ಒನ್’, ಜಪಾನ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯಾದ ಜಪಾನ್ ಫೌಂಡೇಶನ್ ಉಚಿತವಾಗಿಯೇ ನಡೆಸಿದ ಜಪಾನಿ ಆನ್‌ಲೈನ್ ಚಿತ್ರೋತ್ಸವ ಮತ್ತು ಟಿಕೆಟ್ ಕೊಂಡು ನೋಡಬೇಕಾಗಿದ್ದ, ಹಿಮಾಚಲ ಪ್ರದೇಶದ ಧರ್ಮಶಾಲಾ ಚಿತ್ರೋತ್ಸವ. ಬೆಂಗಳೂರಿನ ಉತ್ಸವಕ್ಕೆ ವರ್ಷವೂ ಹೋಗಿಬರುವ ಅನುಕೂಲವಿಲ್ಲದ ಊರಿನಲ್ಲಿರುವ ನನಗೆ ಇವುಗಳಲ್ಲಿ ಯಾವುದು ನಿಜವಾಗಿ ದಕ್ಕಿತು ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಚಿತ್ರಗಳ ಗುಣಮಟ್ಟದಷ್ಟೇ, ಆ ಚಿತ್ರವನ್ನು ನೋಡಲು ಉತ್ಸವವು ಪ್ರೇಕ್ಷಕನಿಗೆ ಎಷ್ಟು ಸಮಯ ಕೊಡುತ್ತದೆ ಎಂಬುದೂ ಈ ಪ್ರಶ್ನೆಗೆ ಉತ್ತರವನ್ನು ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ.

‘ವಿ ಆರ್ ಒನ್’ 2020ರ ಮೇ 29ರಿಂದ ಜೂನ್ 7ರವರೆಗೆ ನಡೆಯಿತು. ನ್ಯೂಯಾರ್ಕಿನಲ್ಲಿ ಚಿತ್ರೋತ್ಸವ ನಡೆಸುವ ಟ್ರೈಬೆಕಾ ಸಂಸ್ಥೆಯು ಯೂಟ್ಯೂಬ್ ಜೊತೆ ಸೇರಿ ಇದನ್ನು ಏರ್ಪಡಿಸಿತ್ತು. ಕಾನ್, ವೆನಿಸ್, ಬರ್ಲಿನ್, ಲೊಕಾರ್ನೊ, ಟೊರೊಂಟೊ, ಮುಂಬೈ ಸೇರಿದಂತೆ 21 ಉತ್ಸವಗಳು ತಮ್ಮ ತಮ್ಮ ಆಯ್ಕೆಗಳನ್ನು ಕೊಟ್ಟಿದ್ದವು. ನೋಂದಣಿ, ಪಾಸ್‌ವರ್ಡ್, ಜಾಹೀರಾತು ಯಾವುದರ ಗೊಡವೆಯೂ ಇರಲಿಲ್ಲ. ಮನಸ್ಸಿದ್ದವರು ವಿಶ್ವ ಆರೋಗ್ಯ ಸಂಸ್ಥೆಯ ಕೋವಿಡ್ ನಿಧಿಗೆ ದೇಣಿಗೆ ಕೊಡಬಹುದಾಗಿತ್ತು. ಕೊಂಡಿಯೊಂದನ್ನು ಕಳುಹಿಸಿದರೆ ಸಾಕು, ಮನೆಯಲ್ಲಿ ಫೋನ್ ಹಿಡಿದವರೆಲ್ಲರೂ ಚಿತ್ರದೊಳಕ್ಕೆ ಹೋಗಬಹುದಾಗಿದ್ದ ಈ ಸಲೀಸುತನವನ್ನು ಉಳಿದ ಎರಡು ಉತ್ಸವಗಳಲ್ಲಿ ನಾನು ಕಾಣಲಿಲ್ಲ.

ಮುಂಬೈ ಉತ್ಸವದ ಪಾಲಿನಿಂದ ಬಂದ ಚಿತ್ರಗಳೇ ನನಗೆ ಹೆಚ್ಚು ಹತ್ತಿರವಾದವು. ಪ್ರತೀಕ್ ವತ್ಸ್ ಅವರ ‘ಈಬ್ ಆಲೇ ಊ!’ ದೆಹಲಿಯ ಸರ್ಕಾರಿ ಕಟ್ಟಡಗಳ ಸುತ್ತ ಕೋತಿ ಓಡಿಸುವ ಕೆಲಸಕ್ಕೆ ಸೇರಿದ ವಲಸಿಗ ಯುವಕನ ಕಥೆ. ಊರಿಗೆ ಹೊರಟ ಕಾರ್ಮಿಕರು ಬೆಂಗಳೂರಿನಲ್ಲಿ ಶ್ರಮಿಕ ರೈಲಿಗಾಗಿ ಕಾಯುತ್ತಿದ್ದ ದಿನಗಳಲ್ಲೇ ಅದನ್ನು ನೋಡಿದ್ದರಿಂದ ಆ ಯುವಕನ ದಿಕ್ಕೆಟ್ಟ ಮುಖವನ್ನು ಬೇರೆ ಯಾವ ವರ್ಷದಲ್ಲಿಯೂ ನಾನು ಹಾಗೆ ನೋಡುತ್ತಿರಲಿಲ್ಲ. ಅರುಣ್ ಕಾರ್ತಿಕ್ ಅವರ ತಮಿಳು ಚಿತ್ರ ‘ನಾಸಿರ್’ ಕೊಯಮತ್ತೂರಿನ ಸೀರೆ ಅಂಗಡಿಯ ನೌಕರನೊಬ್ಬನ ಒಂದೇ ದಿನವನ್ನು ಹಿಂಬಾಲಿಸುತ್ತದೆ. ಹಳೆಯ ಚಿತ್ರಗಳಂತೆ ಹೆಚ್ಚುಕಡಿಮೆ ಚೌಕಾಕಾರದ ಚೌಕಟ್ಟಿನಲ್ಲಿ ತೆಗೆದ ಈ ಚಿತ್ರದಲ್ಲಿ ಕೋಮುದ್ವೇಷ ತೆರೆಯ ಮೇಲೆ ಕಾಣುವ ಮೊದಲೇ, ಎಲ್ಲೋ ದೂರದ ಧ್ವನಿವರ್ಧಕದಿಂದ ಕಿವಿಗೆ ಬೀಳುತ್ತಿರುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಆ ಧ್ವನಿ ಬರಿಯ ಗದ್ದಲವಾಗಿ ಕೇಳುತ್ತಿತ್ತು. ಇಯರ್‌ಫೋನ್ ಹಾಕಿಕೊಂಡ ಮೇಲಷ್ಟೇ ಅದು ಮಾತಾಗಿ, ಕೊನೆಗೆ ಬೆದರಿಕೆಯಾಗಿ ಅರ್ಥವಾಯಿತು.

ಈ ಉತ್ಸವದ ತೊಡಕು ವೇಳಾಪಟ್ಟಿಯದು. ಪ್ರತಿ ಚಿತ್ರಕ್ಕೂ ನಿಗದಿತ ಸಮಯವಿತ್ತು ಮತ್ತು ಆ ಸಮಯವನ್ನು ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಂತೆ ಪ್ರಕಟಿಸಿದ್ದರು. ಅಲ್ಲಿಯ ಸಂಜೆ ಏಳು ಗಂಟೆಯೆಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಇದರ ಜೊತೆಗೆ, ಜಾಲದ ಮೇಲಿನ ಹೊರೆ ತಗ್ಗಿಸಲೆಂದು ಆ ತಿಂಗಳುಗಳಲ್ಲಿ ಭಾರತದ ಮೊಬೈಲ್‌ಗಳಲ್ಲಿ ಯೂಟ್ಯೂಬ್ ಚಿತ್ರದ ಸ್ಪಷ್ಟತೆಯನ್ನು 480ಪಿಗೆ ಇಳಿಸಿತ್ತು. ಆ ಸ್ಪಷ್ಟತೆಯಲ್ಲಿ ‘ನಾಸಿರ್’ ಚಿತ್ರದ ಇಕ್ಕಟ್ಟಾದ ಮನೆಯ ಕತ್ತಲು ಮಸಿ ಬಳಿದಂತೆ ಕಾಣುತ್ತದೆ. ಫೋನಿನ ಡೇಟಾವನ್ನೇ ಹಾಟ್‌ಸ್ಪಾಟ್ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟು ಬ್ರೌಸರ್‌ನಲ್ಲಿ ತೆರೆದಾಗ ಚಿತ್ರ ತಿಳಿಯಾಯಿತು, ಆದರೆ ದಿನದ ಡೇಟಾ ಅದಕ್ಕೇ ಮುಗಿಯಿತು.

ಜಪಾನಿ ಚಿತ್ರೋತ್ಸವದ ಕ್ರಮ ಇದಕ್ಕೆ ತೀರ ಭಿನ್ನ. ಅದು ಭಾರತದಲ್ಲಿ 2020ರ ಡಿಸೆಂಬರ್‌ನಲ್ಲಿ ನಡೆಯಿತು. ಕೋವಿಡ್‌ನ ಮೂರನೇ ಅಲೆಯ ಹೊತ್ತಿಗೆ, 2022ರ ಫೆಬ್ರವರಿ 14ರಿಂದ 27ರವರೆಗೆ, ಮತ್ತೊಮ್ಮೆ ನಡೆಯಿತು. ಇಲ್ಲಿ ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಬೇಕು, ಆದ್ದರಿಂದ ಮನೆಯ ಹಿರಿಯರಿಗೆ ಕೊಂಡಿ ಕಳುಹಿಸಿ ಸುಮ್ಮನಿರಲಾಗುವುದಿಲ್ಲ, ಪಕ್ಕದಲ್ಲಿ ಕೂತು ತೆರೆದುಕೊಡಬೇಕಾಗುತ್ತದೆ. ಆದರೆ ಒಮ್ಮೆ ಒಳಗೆ ಹೋದ ಮೇಲೆ ಚಿತ್ರವನ್ನು ಯಾವಾಗ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಮಗೇ ಬಿಟ್ಟದ್ದು. ಅಡುಗೆ, ಮಕ್ಕಳ ಆನ್‌ಲೈನ್ ಪಾಠ, ಮನೆಯಿಂದಲೇ ಮಾಡುವ ಕಚೇರಿ ಕೆಲಸ ಇವುಗಳ ನಡುವೆ ಎರಡು ಗಂಟೆ ಒಟ್ಟಿಗೆ ಸಿಗದ ಮನೆಯಲ್ಲಿ ಚಿತ್ರ ನೋಡಲು ಸಾಧ್ಯವಾಗುವುದೇ ಈ ಸೌಕರ್ಯದಿಂದ.

ಈ ಸೌಕರ್ಯದ ಬೆಲೆ ನನಗೆ ಸರಿಯಾಗಿ ತಿಳಿದದ್ದು 2022ರ ಆವೃತ್ತಿಯಲ್ಲಿದ್ದ, ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಅವರ ‘ರಾಶೊಮನ್’ ನೋಡುವಾಗ. 1950ರ ಈ ಚಿತ್ರದಲ್ಲಿ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಕೊನೆಯಲ್ಲಿ ಸೌದೆ ಕಡಿಯುವವನ ಹೇಳಿಕೆ ಬಂದಾಗ ನಾನು ಚಿತ್ರವನ್ನು ನಿಲ್ಲಿಸಿ, ಆರಂಭದಲ್ಲಿ ಅವನು ಹೆಗಲಮೇಲೆ ಕೊಡಲಿ ಹೊತ್ತು ಕಾಡಿನೊಳಗೆ ನಡೆಯುವ ದೃಶ್ಯಕ್ಕೆ ಮರಳಿದೆ. ಕೊಡಲಿಯ ಅಲಗಿನ ಮೇಲೆ ಬಿಸಿಲು ಹೊಳೆಯುತ್ತದೆ, ಎಲೆಗಳ ನೆರಳು ಮುಖದ ಮೇಲೆ ಹರಿದುಹೋಗುತ್ತದೆ. ಮೊದಲ ಸಲ ಸೊಗಸಾಗಿ ಮಾತ್ರ ಕಂಡಿದ್ದ ಆ ನಡಿಗೆ, ಅವನು ಏನನ್ನು ಮುಚ್ಚಿಟ್ಟಿದ್ದಾನೆಂದು ತಿಳಿದ ಮೇಲೆ ಅನುಮಾನ ಹುಟ್ಟಿಸುವ ನಡಿಗೆಯಾಗಿ ಕಂಡಿತು. ನಿಗದಿತ ವೇಳೆಗೆ ಹರಿದುಹೋಗುವ ಪ್ರದರ್ಶನದಲ್ಲಿ ಇಂಥ ಮರುನೋಟಕ್ಕೆ ಎಡೆಯಿಲ್ಲ.

ಧರ್ಮಶಾಲಾ ಉತ್ಸವವನ್ನು ರಿತು ಸರೀನ್ ಮತ್ತು ತೆನ್ಝಿಂಗ್ ಸೋನಮ್ 2012ರಲ್ಲಿ ಆರಂಭಿಸಿದರು; 2020ರಲ್ಲಿ ಅದು ಆನ್‌ಲೈನ್ ಆಯಿತು. ಹಣ ಕೊಟ್ಟದ್ದಕ್ಕೆ ಅಲ್ಲಿ ಹೊಸ ಚಿತ್ರಗಳು ಸಿಕ್ಕವು. ಉಚಿತ ಉತ್ಸವಗಳಲ್ಲಿ ಬಹುಪಾಲು ಈಗಾಗಲೇ ಬೇರೆಡೆ ತೋರಿಸಿದ ಚಿತ್ರಗಳು, ಕಿರುಚಿತ್ರಗಳು ಮತ್ತು ಸಂವಾದಗಳು ಇದ್ದದ್ದಕ್ಕೆ ಸ್ಪಷ್ಟ ಕಾರಣವಿದೆ: ಇಡೀ ಜಗತ್ತಿಗೆ ಒಮ್ಮೆ ಬಿಟ್ಟಿಯಾಗಿ ತೋರಿಸಿದ ಹೊಸ ಚಿತ್ರಕ್ಕೆ ವಿತರಕರು ಸಿಗುವುದು ಕಷ್ಟ. ಅಮೆರಿಕದ ಸೌತ್ ಬೈ ಸೌತ್‌ವೆಸ್ಟ್ ಉತ್ಸವ ತನ್ನ ಚಿತ್ರಗಳನ್ನು ಅಮೆಜಾನ್ ಪ್ರೈಮ್‌ನಲ್ಲಿ ಉಚಿತವಾಗಿ ತೋರಿಸಿದಾಗ, ಆಯ್ಕೆಯಾಗಿದ್ದ ಚಿತ್ರಗಳಲ್ಲಿ ಸಣ್ಣ ಪಾಲು ಮಾತ್ರ ಅದಕ್ಕೆ ಒಪ್ಪಿತು; ಅದೂ ಅಮೆರಿಕದೊಳಗಿನವರಿಗೆ ಮಾತ್ರ. ಆದ್ದರಿಂದ ಟಿಕೆಟ್ ಇಟ್ಟದ್ದು ತಪ್ಪೆಂದು ನಾನು ಹೇಳಲಾರೆ.

ಒಂದನ್ನೇ ಆರಿಸಿ ಎಂದರೆ ನಾನು ಜಪಾನಿ ಉತ್ಸವವನ್ನು ಆರಿಸುತ್ತೇನೆ. ಚಿತ್ರೋತ್ಸವವನ್ನೇ ಕಂಡಿರದವರಿಗೆ ಮಾತ್ರ, ಇನ್ನೊಮ್ಮೆ ನಡೆದರೆ, ‘ವಿ ಆರ್ ಒನ್’ ಮಾದರಿಯನ್ನೇ ಮೊದಲು ತೋರಿಸುತ್ತೇನೆ. ನಾನು ನೋಡಿದ ಯಾವ ಚಿತ್ರಕ್ಕೂ ಕನ್ನಡದ ಅಡಿಬರಹ ಇರಲಿಲ್ಲ, ಇಂಗ್ಲಿಷ್ ಓದಲಾಗದವರಿಗೆ ಮೂರೂ ಉತ್ಸವಗಳು ಮುಚ್ಚಿದ ಬಾಗಿಲುಗಳೇ ಆಗಿದ್ದವು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದೆ ಇಟ್ಟಾಗ, ಅದರ ಬೆನ್ನಿಗೆ ಕನ್ನಡದಲ್ಲಿ ಪರಿಚಯ ಮತ್ತು ಚರ್ಚೆ ಇದ್ದವು. ಮುಂದಿನ ಉಚಿತ ಉತ್ಸವ ಪ್ರಕಟವಾದಾಗ ನಮ್ಮ ಫಿಲ್ಮ್ ಸೊಸೈಟಿಗಳು ಪಟ್ಟಿಯಿಂದ ನಾಲ್ಕು ಚಿತ್ರಗಳನ್ನಾದರೂ ಆರಿಸಿ, ಪ್ರತಿಯೊಂದಕ್ಕೂ ಹತ್ತು ನಿಮಿಷದ ಕನ್ನಡ ಪರಿಚಯವನ್ನು ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕು. ಅದಕ್ಕೆ ಹಕ್ಕು, ಪರವಾನಗಿ, ಹಣ ಯಾವುದೂ ಬೇಕಾಗುವುದಿಲ್ಲ.