ವಿಜಯಪುರದ ಬಿಸಿಲಿಗೆ ಈ ಬಿ550 ಬೋರ್ಡ್ ತಡೆಯುತ್ತಾ?

ಎಎಂಡಿ ಬಿ550 ಚಿಪ್‌ಸೆಟ್‌ನ (ಪ್ರೊಸೆಸರನ್ನು ಬೇರೆ ಭಾಗಗಳಿಗೆ ಜೋಡಿಸುವ ಚಿಪ್) ಮೈಕ್ರೋ ಎಟಿಎಕ್ಸ್, ಅಂದರೆ ಚಿಕ್ಕ ಗಾತ್ರದ ಮದರ್‌ಬೋರ್ಡ್ ಇದು. ಡಿಡಿಆರ್4 ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇವೆ, ಈಗ ಎರಡು ತುಂಬಿಸಿ ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. ನನಗೆ ಹಿಡಿಸಿದ್ದು ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಮೇಲಿನ ದಪ್ಪ ಹೀಟ್‌ಸಿಂಕ್. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ, ಎಸಿ ಇಲ್ಲದ ರೂಮಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಬಣ್ಣದ ಲೈಟಿಗಿಂತ ಇದು ಮುಖ್ಯ ಅಲ್ವಾ? ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟಲ್ಲಿ ಮೇಲಿನದು ಮಾತ್ರ ಹೆಚ್ಚು ವೇಗದ ಪಿಸಿಐಇ 4.0. ಕೆಳಗಿನದು ಚಿಪ್‌ಸೆಟ್ ಮೂಲಕ ಬರುವುದರಿಂದ 3.0ಕ್ಕೇ ನಿಲ್ಲುತ್ತದೆ, ಅಲ್ಲಿ ದುಬಾರಿ ಎಸ್‌ಎಸ್‌ಡಿ ಹಾಕುವುದು ಸುಮ್ನೆ ದಂಡ. ವೈಫೈ ಇಲ್ಲ. ಕೇಸ್ ಫ್ಯಾನಿನ ವೈರ್ ಸಿಕ್ಕಿಸಲು ಎರಡೇ ಹೆಡರ್, ಇದೆಂಥ ಜಿಪುಣತನ! ರೈಜನ್ 5000 ಸರಣಿಯ ಪ್ರೊಸೆಸರ್ ಹಾಕುವವರು ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ ಅಂಗಡಿಯಲ್ಲೇ ಬಯೋಸ್ (ಬೋರ್ಡನ್ನು ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ.