ಡಿಗ್ರಿ ಓದುವಾಗಲೇ ಸಂಶೋಧನೆಗೆ ಕೈ ಹಾಕಬೇಕಾ? ಓಇಐಎಸ್ ನೋಡಿ

ಗಣಿತದಲ್ಲೋ ವಿಜ್ಞಾನದಲ್ಲೋ ಡಿಗ್ರಿ ಮಾಡುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ರಿಸರ್ಚ್ ಅನುಭವ ಬೇಕು, ಎಲ್ಲಿ ಸಿಗುತ್ತದೆ? ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಪ್ರೊಫೆಸರ್‌ಗಳಿಗೆ ಮೇಲ್ ಮಾಡಿ, ಇಂಟರ್ನ್‌ಶಿಪ್ ಹುಡುಕಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದು ಸರಿಯೇ. ಆದರೆ ಸೀಟು ಕಡಿಮೆ, ಅರ್ಜಿ ಜಾಸ್ತಿ, ಚೆನ್ನಾಗಿ ಓದುವವರಿಗೂ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಹಾಗೆ ಸೀಟು ಸಿಗದವರು ಇನ್ನೊಂದು ವರ್ಷ ಸುಮ್ನೆ ಕಾಯುತ್ತಾ ಕೂರುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರ ಅನುಮತಿಯೂ ಬೇಡದೆ, ಇವತ್ತೇ ಶುರು ಮಾಡಬಹುದಾದ ಜಾಗಗಳಲ್ಲಿ ಗಣಿತದವರಿಗೆ ನನ್ನ ಮೊದಲ ಆಯ್ಕೆ ಓಇಐಎಸ್.

ಓಇಐಎಸ್ ಅಂದರೆ ಪೂರ್ಣಾಂಕಗಳ ಸಾಲುಗಳಿಗೆ ಮೀಸಲಾದ ಆನ್‌ಲೈನ್ ವಿಶ್ವಕೋಶ. 1, 1, 2, 3, 5, 8 ಅಂತ ಹೋಗುವ ಫಿಬೊನಾಚಿ ಸಾಲು ಎಲ್ಲರಿಗೂ ಗೊತ್ತು. ಅಂಥ ಸಾಲುಗಳು ಇಲ್ಲಿ ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಇವೆ. ಒಂದೊಂದಕ್ಕೂ ಇಂಗ್ಲಿಷಿನ ಎ ಅಕ್ಷರ, ಅದರ ನಂತರ ಆರಂಕಿಯ ನಂಬರ್ ಕೊಟ್ಟಿದ್ದಾರೆ: ಫಿಬೊನಾಚಿ ಎ000045, ಅವಿಭಾಜ್ಯ ಸಂಖ್ಯೆಗಳು ಎ000040, ಕ್ಯಾಟಲಾನ್ ಸಂಖ್ಯೆಗಳು ಎ000108. ಇದನ್ನು ಶುರು ಮಾಡಿದ್ದೂ ಒಬ್ಬ ವಿದ್ಯಾರ್ಥಿಯೇ. ನೀಲ್ ಸ್ಲೋನ್ 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಅವರ ಕೆಲಸದಲ್ಲಿ 1, 8, 78, 944 ಅಂತ ಹೋಗುವ ಒಂದು ಸಾಲು ಬಂತು. ಅದರ ಮುಂದಿನ ಸಂಖ್ಯೆಗಳಿಗೆ ಸೂತ್ರ ಇದೆಯಾ ಅಂತ ಹುಡುಕಿದರೆ ಎಲ್ಲೂ ಸಿಗಲಿಲ್ಲ. ಆಗಿನಿಂದ ಕಂಡ ಸಾಲುಗಳನ್ನೆಲ್ಲ ಕಾರ್ಡ್‌ಗಳಲ್ಲಿ ಬರೆದಿಡಲು ಹಿಡಿದರು. 1973ರಲ್ಲಿ ಅದು 2372 ಸಾಲುಗಳ ಪುಸ್ತಕವಾಯಿತು, 1995ರಲ್ಲಿ 5487 ಸಾಲುಗಳ ಇನ್ನೊಂದು ಪುಸ್ತಕ ಬಂತು, 1996ರಲ್ಲಿ ಇಂಟರ್ನೆಟ್‌ಗೆ ಬಂತು. ಆ ಮೊದಲ ಸಾಲು ಈಗ ಎ000435. ಬಳಸಲು ದುಡ್ಡು ಕೊಡಬೇಕಿಲ್ಲ, ಹುಡುಕಲು ಅಕೌಂಟ್ ಕೂಡ ಬೇಡ.

ಹುಡುಕುವುದು ಅಂದರೆ ಏನು ಅನ್ನುವುದಕ್ಕೆ ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಇದರ ಬೆಲೆ ಗೊತ್ತಾಗುವುದೇ ಅಲ್ಲಿ. ಮೂರು ಮನೆ ಅಗಲದ ಒಂದು ಹಲಗೆ ತಗೊಳ್ಳಿ. ಎರಡು ಮನೆ ಮುಚ್ಚುವ ಡಾಮಿನೊ ಬಿಲ್ಲೆಗಳಿಂದ ಅದನ್ನು ಪೂರ್ತಿ ತುಂಬಬೇಕು. ಉದ್ದ ಎರಡು ಮನೆ ಇದ್ದರೆ 3 ರೀತಿಯಲ್ಲಿ ತುಂಬಬಹುದು. ಉದ್ದ ನಾಲ್ಕಾದರೆ 11 ರೀತಿ. ಆರಾದರೆ 41. ಇಷ್ಟನ್ನು ಕಾಗದದ ಮೇಲೆ ಬಿಡಿಸಿ ಎಣಿಸಬಹುದು, ತಾಳ್ಮೆ ಇದ್ದರೆ. ಎಂಟಕ್ಕೆ 153, ಅದಕ್ಕೆ ಸಣ್ಣ ಪ್ರೋಗ್ರಾಂ ಬರೆಯುವುದು ಒಳ್ಳೆಯದು. ಈಗ 3, 11, 41, 153 ಅಂತ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಎ001835 ಬರುತ್ತದೆ. ಹಿಂದಿನ ಸಂಖ್ಯೆಯ ನಾಲ್ಕು ಪಟ್ಟಿನಿಂದ ಅದಕ್ಕೂ ಹಿಂದಿನದನ್ನು ಕಳೆದರೆ ಮುಂದಿನದು ಸಿಗುತ್ತದೆ: 41ರ ನಾಲ್ಕು ಪಟ್ಟು 164, ಅದರಲ್ಲಿ 11 ಕಳೆದರೆ 153.

ಇಲ್ಲಿಗೆ ಉತ್ತರ ಸಿಕ್ಕಿತು ಅಂತ ಪುಟ ಮುಚ್ಚುವವರೇ ಜಾಸ್ತಿ. ಮುಚ್ಚಬೇಡಿ, ಕೆಳಗೆ ಓದಿ. ಇದೇ ಸಂಖ್ಯೆಗಳಿಗೆ ಇನ್ನೊಂದು ಗುಣ ಇದೆ. ಯಾವುದಾದರೂ ಒಂದನ್ನು ವರ್ಗ ಮಾಡಿ, ಮೂರರಿಂದ ಗುಣಿಸಿ, ಎರಡು ಕಳೆಯಿರಿ. 3ಕ್ಕೆ 25 ಬರುತ್ತದೆ, 11ಕ್ಕೆ 361, 41ಕ್ಕೆ 5041. ಮೂರೂ ಪೂರ್ಣ ವರ್ಗಗಳು: 5, 19, 71ರ ವರ್ಗ. ಡಾಮಿನೊ ಬಿಲ್ಲೆಗೂ ಪೂರ್ಣ ವರ್ಗಕ್ಕೂ ಏನು ಸಂಬಂಧ? ನಾನು ಹೇಳುವ ಸಂಶೋಧನೆ ಶುರುವಾಗುವುದು ಈ ಪ್ರಶ್ನೆಯಿಂದ. ನಾಲ್ಕು ಪಟ್ಟಿನ ಸೂತ್ರ ಅಲ್ಲಿ ಬರೆದಿದೆ ನಿಜ, ಆದರೆ ಅದು ಯಾಕೆ ನಿಜ ಅನ್ನುವುದನ್ನು ನೀವೇ ಕಟ್ಟಬೇಕು. ಬಿಲ್ಲೆ ಮುರಿಯದೆ ಹಲಗೆಯನ್ನು ಅಡ್ಡಕ್ಕೆ ಸೀಳಬಹುದಾದ ಮೊದಲ ಜಾಗ ಯಾವುದು ಅಂತ ನೋಡಿ. ಅದು ಎರಡನೇ ಮನೆಯ ಕೊನೆಯಲ್ಲಿದ್ದರೆ ಆ ತುಂಡಿಗೆ 3 ರೀತಿ, ಅದಕ್ಕಿಂತ ಮುಂದೆ ಎಲ್ಲಿದ್ದರೂ 2 ರೀತಿ. ಇದನ್ನು ಹಿಡಿದು ಕೂಡಿಸಿ ಕಳೆದರೆ ನಾಲ್ಕು ಪಟ್ಟಿನ ಸೂತ್ರ ತಾನಾಗಿ ಬರುತ್ತದೆ. ಎರಡನೇ ವರ್ಷದ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ ಇದು. ಆಮೇಲೆ ಅಗಲ ನಾಲ್ಕು ಮಾಡಿದರೆ ಏನಾಗುತ್ತದೆ, ಮಧ್ಯೆ ಒಂದು ಮನೆ ತೆಗೆದರೆ ಏನಾಗುತ್ತದೆ ಅಂತ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ಹುಡುಕುವ ಪೆಟ್ಟಿಗೆ ಏನೂ ಸಿಗಲಿಲ್ಲ ಅನ್ನುತ್ತದೆ. ಆ ಘಳಿಗೆಗೆ ತುಂಬಾ ಬೆಲೆ ಇದೆ.

ಯಾಕೆಂದರೆ ಈಗ ನೀವು ಸಾಲನ್ನು ಸೇರಿಸಬಹುದು. ಇದಕ್ಕೆ ಅಕೌಂಟ್ ಬೇಕು, ಅದೂ ನಿಜವಾದ ಹೆಸರಿನಲ್ಲೇ. ಸಾಲಿಗೆ ಒಂದು ಖಚಿತವಾದ ವಿವರಣೆ ಬರೆಯಬೇಕು, ಸಂಖ್ಯೆಗಳನ್ನು ಕೊಡಬೇಕು, ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅಂತ ಹೇಳಬೇಕು, ಉದಾಹರಣೆ ಬೇಕು, ಸಾಧ್ಯವಾದರೆ ಪೈಥಾನ್‌ನಲ್ಲೋ ಪಾರಿ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲೋ ಪ್ರೋಗ್ರಾಂ ಕೂಡ. ಆಮೇಲೆ ಸಂಪಾದಕರು ಬರುತ್ತಾರೆ. ಇವರೆಲ್ಲ ಸ್ವಯಂಸೇವಕರು, ಗಣಿತ ಚೆನ್ನಾಗಿ ಗೊತ್ತಿರುವವರು. ನಿಮ್ಮ ಕರಡಿನ ಕೆಳಗಿರುವ ಚರ್ಚೆಯ ಪೆಟ್ಟಿಗೆಯಲ್ಲಿ ಅವರು ಕೇಳುವ ಪ್ರಶ್ನೆಗಳು ನೇರವಾಗಿರುತ್ತವೆ. ಈ ಪದದ ಅರ್ಥ ಏನು? ತಿರುಗಿಸಿದರೆ ಒಂದೇ ಥರ ಕಾಣುವ ಜೋಡಣೆಗಳನ್ನು ಒಂದು ಅಂತ ಎಣಿಸಿದ್ದೀರಾ, ಬೇರೆ ಬೇರೆ ಅಂತಲಾ? ಇದು ಸಾಬೀತಾಗಿದೆಯಾ, ಇಲ್ಲ ಊಹೆಯಾ? ಊಹೆ ಆಗಿದ್ದರೆ ಊಹೆ ಅಂತಲೇ ಬರೆಯಬೇಕು, ಅದರಲ್ಲಿ ರಾಜಿ ಇಲ್ಲ.

ನಾನು ಇದಕ್ಕೆ ಇಷ್ಟು ಒತ್ತು ಕೊಡುವುದು ಈ ಪ್ರಶ್ನೆಗಳಿಗಾಗಿಯೇ. ಕ್ಲಾಸಿನಲ್ಲಿ ನಮ್ಮ ಉತ್ತರವನ್ನು ನೋಡುವವರಿಗೆ ಸರಿ ಉತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಬರೆದದ್ದನ್ನು ಓದಿಯೇ, ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಅದನ್ನು ಮತ್ತೆ ಲೆಕ್ಕ ಮಾಡಬೇಕು. ಅವರಿಗೆ ಅರ್ಥವಾಗುವ ಹಾಗೆ, ಎರಡು ಅರ್ಥ ಬಾರದ ಹಾಗೆ ಒಂದು ವಾಕ್ಯ ಬರೆಯಲು ಕಲಿಯುವುದೇ ದೊಡ್ಡ ತರಬೇತಿ, ಇದನ್ನು ಯಾವ ಸಿಲೆಬಸ್ಸಿನಲ್ಲೂ ನಾನು ನೋಡಿಲ್ಲ. ಪ್ರತಿ ಪುಟಕ್ಕೂ ಹಿಸ್ಟರಿ ಇದೆ, ಬೇರೆಯವರ ಕರಡು ಹೇಗಿತ್ತು, ಹೇಗೆ ತಿದ್ದಿದರು ಅಂತ ಅದರಲ್ಲಿ ನೋಡಬಹುದು. ಸ್ವಂತದ್ದು ಹಾಕುವ ಮೊದಲು ಒಂದಷ್ಟು ಹಿಸ್ಟರಿ ಓದಿ.

ಹೊಸ ಸಾಲೇ ಬೇಕು ಅಂತೇನಿಲ್ಲ. ನನ್ನನ್ನು ಕೇಳಿದರೆ ಹೊಸಬರು ಹಳೆಯ ಸಾಲುಗಳಲ್ಲೇ ಶುರು ಮಾಡುವುದು ವಾಸಿ. ಮೋರ್ ಅನ್ನುವ ಕೀವರ್ಡ್ ಇರುವ ಸಾಲುಗಳಿಗೆ ಇನ್ನಷ್ಟು ಸಂಖ್ಯೆಗಳು ಬೇಕು ಅಂತ ಅರ್ಥ. ಕೀವರ್ಡ್ ಹಾಕಿ ಹುಡುಕಿದರೆ ಅಂಥವು ರಾಶಿ ಸಿಗುತ್ತವೆ. ಕೆಲವಕ್ಕೆ ಭಾರಿ ಕಂಪ್ಯೂಟರ್ ಬೇಕು, ಇನ್ನು ಕೆಲವಕ್ಕೆ ಯಾರೂ ಕೂತು ಒಳ್ಳೆ ಪ್ರೋಗ್ರಾಂ ಬರೆದಿಲ್ಲ ಅಷ್ಟೇ. ಎರಡನೇ ಥರದ್ದನ್ನು ಹುಡುಕಿ. ಹಾಗೆಯೇ ಕಂಜೆಕ್ಚರ್ ಅನ್ನುವ ಪದ ಹಾಕಿ ಹುಡುಕಿದರೆ ಯಾರೋ ಬರೆದಿಟ್ಟ, ಇನ್ನೂ ಯಾರೂ ಸಾಬೀತು ಮಾಡದ ಊಹೆಗಳು ಸಿಗುತ್ತವೆ. ಎಲ್ಲವೂ ಕಷ್ಟದವಲ್ಲ, ಎಷ್ಟೋ ಊಹೆಗಳ ಕಡೆ ಯಾರೂ ಗಮನ ಕೊಟ್ಟಿರುವುದಿಲ್ಲ.

ಇರುವ ಸಂಖ್ಯೆಗಳನ್ನು ಮತ್ತೆ ಪರೀಕ್ಷಿಸುವುದೂ ಕೆಲಸವೇ. ಪಟ್ಟಿಯ ಮೊಟ್ಟಮೊದಲ ಸಾಲು ಎ000001ನ್ನೇ ನೋಡಿ. ಇಷ್ಟು ಅಂಶಗಳಿರುವ ಗ್ರೂಪ್‌ಗಳು (ಅಂಶಗಳನ್ನು ಜೋಡಿಸಲು ಗೊತ್ತಾದ ನಿಯಮ ಇರುವ ಗಣಗಳು) ಎಷ್ಟು ಅನ್ನುವ ಲೆಕ್ಕ ಅದು. 8 ಅಂಶಗಳಿದ್ದರೆ 5 ಗ್ರೂಪ್, 16ಕ್ಕೆ 14, 32ಕ್ಕೆ 51, 64ಕ್ಕೆ 267. 1024ಕ್ಕೆ 4948 ಕೋಟಿ 73 ಲಕ್ಷದ 65 ಸಾವಿರದ 422 ಅಂತ ಸುಮಾರು ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದರು. ಆಮೇಲೆ ಮತ್ತೆ ಲೆಕ್ಕ ಮಾಡಿದಾಗ ಕೊನೆಯ ಭಾಗ 67 ಸಾವಿರದ 289 ಆಗಬೇಕು ಅಂತ ಗೊತ್ತಾಯಿತು. 2048ಕ್ಕೆ ಎಷ್ಟು ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ. ಆಲ್ಜೀಬ್ರಾ ಕ್ಲಾಸಿನಲ್ಲಿ 8ರ ಐದು ಗ್ರೂಪ್‌ಗಳನ್ನು ಬಾಯಿಪಾಠ ಮಾಡುವವರಿಗೆ ಈ ವಿಷಯ ಯಾಕೆ ಹೇಳುವುದಿಲ್ಲವೋ! ಗಣಿತ ಮುಗಿದುಹೋದ ವಿಷಯ ಅಲ್ಲ ಅನ್ನುವುದು ಒಂದೇ ಸಾಲಿನಲ್ಲಿ ಕಾಣುತ್ತದೆ, ಅಲ್ವಾ?

ಕೊರತೆಗಳೂ ಇವೆ. ಪುಟಗಳು ನೋಡಲು ಹಳೇ ಕಾಲದವು, ಮೊದಲ ಸಲ ತೆರೆದವರಿಗೆ ಎಲ್ಲಿ ಏನಿದೆ ಅಂತ ತಿಳಿಯುವುದು ಕಷ್ಟ. ಫಾರ್ಮುಲಾಗಳನ್ನೆಲ್ಲ ಕೀಬೋರ್ಡಿನ ಸಾದಾ ಅಕ್ಷರಗಳಲ್ಲೇ ಬರೆದಿರುತ್ತಾರೆ, ಉದ್ದದವನ್ನು ಓದಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಕರಡು ಕಳಿಸಿದ ಮೇಲೆ ಸರದಿಯಲ್ಲಿ ಕಾಯಬೇಕು, ಸಂಪಾದಕರು ಬಿಡುವಿನ ವೇಳೆಯಲ್ಲಿ ನೋಡುವವರಾದ್ದರಿಂದ ವಾರಗಟ್ಟಲೆ ಹಿಡಿಯಬಹುದು. ಸೆಮಿಸ್ಟರ್ ಮುಗಿಯುವುದರೊಳಗೆ ಪ್ರಾಜೆಕ್ಟ್ ಕೊಡಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ತಗೊಳ್ಳಿ. ಇನ್ನೊಂದು ದೊಡ್ಡ ಮಿತಿ ಅಂದರೆ ಇಲ್ಲಿ ಎಣಿಸುವಂಥ ಗಣಿತಕ್ಕೇ ಜಾಗ ಜಾಸ್ತಿ. ಕಾಂಬಿನಟೋರಿಕ್ಸ್, ನಂಬರ್ ಥಿಯರಿ, ಗ್ರಾಫ್, ಗ್ರೂಪ್ ಇಷ್ಟ ಇರುವವರಿಗೆ ಸುಗ್ಗಿ. ರಿಯಲ್ ಅನಾಲಿಸಿಸ್, ಡಿಫರೆನ್ಷಿಯಲ್ ಈಕ್ವೇಷನ್ ಕಡೆ ಒಲವಿದ್ದರೆ ಅಷ್ಟು ಸಿಗುವುದಿಲ್ಲ. ಸುಮ್ನೆ ಹೊಸದು ಇರಲಿ ಅಂತ ಕಟ್ಟಿದ ಸಾಲುಗಳನ್ನು, ಅಂದರೆ 7ರಿಂದ ಶುರುವಾಗಿ 3ರಿಂದ ಮುಗಿಯುವ ಅವಿಭಾಜ್ಯ ಸಂಖ್ಯೆಗಳ ವರ್ಗಗಳ ಮೊತ್ತ ಅನ್ನುವಂಥದ್ದನ್ನು, ಇಲ್ಲಿ ಇಷ್ಟಪಡುವುದಿಲ್ಲ. ಅದು ಸರಿಯಾದ ನಿಲುವೇ.

ವಿಜ್ಞಾನದವರಿಗೆ ಏನು? ಎರಡನ್ನು ಹೇಳುತ್ತೇನೆ. ಫಿಸಿಕ್ಸ್ ಓದುವವರಿಗೆ ಗ್ರಾವಿಟೇಷನಲ್ ವೇವ್ ಓಪನ್ ಸೈನ್ಸ್ ಸೆಂಟರ್ ತುಂಬಾ ಒಳ್ಳೆಯದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಡೇಟಾ ಅಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಜೊತೆಗೆ ಪೈಥಾನ್ ಪಾಠಗಳೂ ಇವೆ. ಸೆಕೆಂಡಿಗೆ 4096 ಅಳತೆಗಳಿರುವ ಆ ಫೈಲನ್ನು ಹಾಗೇ ಗ್ರಾಫ್ ಹಾಕಿದರೆ ಬರೀ ಗದ್ದಲ. ತಗ್ಗಿನ ಕಂಪನಗಳನ್ನು ಸೋಸಿ, ಉಪಕರಣದ ಸ್ವಂತ ಸದ್ದನ್ನು ತೆಗೆದು ನೋಡಿದರೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು, 35 ಹರ್ಟ್ಸ್‌ನಿಂದ 250ರವರೆಗೆ ಏರುವ ಅಲೆ ಎದ್ದು ಕಾಣುತ್ತದೆ. ಎರಡು ಕಪ್ಪು ಕುಳಿಗಳು ಒಂದಾದ ಗುರುತು ಅದು. ಅಲೆಯನ್ನು ಬೇರೆ ಬೇರೆ ಕಂಪನಗಳಾಗಿ ಬಿಡಿಸುವ ಫೂರಿಯರ್ ಅನಾಲಿಸಿಸ್ ಯಾಕೆ ಓದಬೇಕು ಅನ್ನುವವರಿಗೆ ಇದನ್ನು ತೋರಿಸಿದರೆ ಸಾಕು. ಆದರೆ ಇಲ್ಲಿ ನಿಮ್ಮ ಕೆಲಸವನ್ನು ಕೂತು ತಿದ್ದುವವರು ಇಲ್ಲ, ಅದಕ್ಕೆ ನಿಮ್ಮ ಮೇಷ್ಟ್ರನ್ನೋ ಗೆಳೆಯರನ್ನೋ ಜೊತೆಗೆ ಇಟ್ಟುಕೊಳ್ಳಬೇಕು.

ಇನ್ನೊಂದು ಗ್ಯಾಲಕ್ಸಿ ಝೂ ಅನ್ನುವ ವೆಬ್‌ಸೈಟ್. 2007ರಲ್ಲಿ ಶುರುವಾಯಿತು, ಗ್ಯಾಲಕ್ಸಿಗಳ ಫೋಟೊ ನೋಡಿ ಆಕಾರ ಗುರುತಿಸುವ ಕೆಲಸ. ಅದೇ ವರ್ಷ ಹ್ಯಾನಿ ವ್ಯಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಒಂದು ಫೋಟೊದಲ್ಲಿ ವಿಚಿತ್ರವಾದ ಕಲೆಯನ್ನು ಕಂಡು ಇದೇನು ಅಂತ ಕೇಳಿದರು. ಅದು ಕಾದು ಹೊಳೆಯುವ ಅನಿಲದ ದೊಡ್ಡ ಮೋಡವಾಗಿತ್ತು, ಈಗ ಅವರ ಹೆಸರಿನಲ್ಲೇ ಇದೆ. ಬರೀ ಫೋಟೊ ವಿಂಗಡಿಸುತ್ತಾ ಕೂತರೆ ಡಿಗ್ರಿ ವಿದ್ಯಾರ್ಥಿಗೆ ಕಲಿಯುವುದು ಕಡಿಮೆ. ಚರ್ಚೆಯ ಜಾಗಕ್ಕೆ ಹೋಗಿ, ಹೊರಗೆ ಬಿಟ್ಟಿರುವ ಫಲಿತಾಂಶದ ಡೇಟಾ ಇಳಿಸಿಕೊಂಡು ನಿಮ್ಮದೇ ಪ್ರಶ್ನೆ ಹಾಕಿ ನೋಡಿ.

ಮೂರರಲ್ಲೂ ಸೋಸಿದರೆ ನನಗೆ ಮೇಲೆ ನಿಲ್ಲುವುದು ಓಇಐಎಸ್ ಒಂದೇ, ಯಾಕೆಂದರೆ ಅಲ್ಲಿ ಮಾಡಿದ ಕೆಲಸವನ್ನು ಬೇರೆಯವರು ತಿದ್ದುತ್ತಾರೆ ಮತ್ತು ಅದು ಉಳಿಯುತ್ತದೆ. ಸರ್ಟಿಫಿಕೇಟ್ ಕೊಡುತ್ತಾರಾ ಅಂತ ಕೇಳುವವರಿಗೆ: ಕೊಡುವುದಿಲ್ಲ. ಆದರೆ ಒಪ್ಪಿಕೊಂಡ ಸಾಲಿನ ಪುಟದಲ್ಲಿ ನಿಮ್ಮ ಹೆಸರು ಮತ್ತು ತಾರೀಕು ಇರುತ್ತದೆ. ಎಂಎಸ್ಸಿಗೋ ಫೆಲೋಶಿಪ್‌ಗೋ ಅರ್ಜಿ ಹಾಕುವಾಗ ಆ ಎ ನಂಬರ್ ಬರೆಯಿರಿ. ಸಂದರ್ಶನ ಮಾಡುವವರು ಹಿಸ್ಟರಿ ತೆರೆದರೆ ಸಂಪಾದಕರು ಏನು ಕೇಳಿದರು, ನೀವು ಏನು ಉತ್ತರ ಕೊಟ್ಟಿರಿ ಅನ್ನುವುದೆಲ್ಲ ಅಲ್ಲೇ ಇರುತ್ತದೆ.