ಮೂವರ ಬ್ಯಾಚಾ, ಒಬ್ಬೊಬ್ಬರೇನಾ?

ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಗುಂಪಾಗಿ ಕೆಲಸ ಮಾಡಬೇಕೋ, ಒಬ್ಬೊಬ್ಬರೇ ಮಾಡಬೇಕೋ ಎಂಬ ಪ್ರಶ್ನೆ ಇದು. ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ (ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಟ್ರಾನ್ಸಿಸ್ಟರ್ ಸರ್ಕ್ಯೂಟ್) ಪ್ರಯೋಗವನ್ನು ಮೂವರ ಬ್ಯಾಚ್‌ಗೆ ಕೊಟ್ಟು ನೋಡಿ. ಒಬ್ಬರು ವೈರ್ ಚುಚ್ಚುತ್ತಾರೆ, ಒಬ್ಬರು ಸಿಆರ್‌ಒ (ಸಿಗ್ನಲ್‌ನ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಗುಂಡಿ ತಿರುಗಿಸುತ್ತಾರೆ, ಇನ್ನೊಬ್ಬರು ರೀಡಿಂಗ್ ಬರೆದುಕೊಳ್ಳುತ್ತಾರೆ. ಔಟ್‌ಪುಟ್ ಬೇಗ ಸಿಗುತ್ತದೆ. ಆದರೆ ಸೆಮಿಸ್ಟರ್ ಪೂರ್ತಿ ಬರೆದುಕೊಂಡೇ ಇದ್ದವರಿಗೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ಒಬ್ಬೊಬ್ಬರೇ ಮಾಡಿದರೆ ಎರಡು ಗಂಟೆ ಸಾಲುವುದಿಲ್ಲ, ನಿಜ. ಹೊತ್ತು ನುಂಗುವುದು ಬ್ರೆಡ್‌ಬೋರ್ಡ್, ಅಂದರೆ ಬೆಸುಗೆಯಿಲ್ಲದೆ ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ತೂತಿನ ಹಲಗೆ. ಕೆಲವು ಬೋರ್ಡ್‌ಗಳಲ್ಲಿ ಪವರ್ ರೈಲ್ (ಸಪ್ಲೈ, ಗ್ರೌಂಡ್ ಹಂಚುವ ಉದ್ದ ಸಾಲು) ನಡುವೆ ತುಂಡಾಗಿರುತ್ತದೆ, ಆಚೆ ಅರ್ಧಕ್ಕೆ ಗ್ರೌಂಡೇ ತಲುಪಿರುವುದಿಲ್ಲ. ಹಾಗಾಗಿ ಸಿಗ್ನಲ್ ಕೊಡುವ ಮೊದಲೇ ಮಲ್ಟಿಮೀಟರ್ ಹಿಡಿದು ಟ್ರಾನ್ಸಿಸ್ಟರ್‌ನ ಕಲೆಕ್ಟರ್-ಎಮಿಟರ್ ವೋಲ್ಟೇಜ್ ನೋಡಬೇಕು. 12 ವೋಲ್ಟ್ ಸಪ್ಲೈಗೆ 6ರ ಆಸುಪಾಸು ಇದ್ದರೆ ಬಯಾಸಿಂಗ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್‌ನ ವೋಲ್ಟೇಜ್ ಹೊಂದಿಕೆ) ಸರಿ. 12 ತೋರಿಸಿದರೆ ಕಟ್‌ಆಫ್ (ಟ್ರಾನ್ಸಿಸ್ಟರ್ ಕರೆಂಟ್ ಹರಿಸುತ್ತಿಲ್ಲ), 0.2 ಬಂದರೆ ಸ್ಯಾಚುರೇಶನ್ (ಪೂರ್ತಿ ತೆರೆದುಬಿಟ್ಟಿದೆ). ಈ ಹುಡುಕಾಟವೇ ಪಾಠ. ಬ್ಯಾಚ್‌ನಲ್ಲಿ ಅದು ಒಬ್ಬರ ಪಾಲಿಗೆ ಮಾತ್ರ. ಸಿಆರ್‌ಒ ಸಾಲದಿದ್ದರೆ ಬಯಾಸಿಂಗ್‌ವರೆಗೆ ಒಬ್ಬೊಬ್ಬರೇ ಮಾಡಲಿ, ಆಮೇಲೆ ಮೂವರಿಗೊಂದು ಸಿಆರ್‌ಒ ಸಾಕು.

ಸಿವಿಲ್‌ನವರ ಲೆವೆಲಿಂಗ್‌ಗೆ (ಜಾಗಗಳ ಎತ್ತರದ ವ್ಯತ್ಯಾಸ ಅಳೆಯುವ ಸರ್ವೆಗೆ) ಈ ಲೆಕ್ಕ ಹೊಂದುವುದಿಲ್ಲ. ದೂರದರ್ಶಕವಿರುವ ಡಂಪಿ ಲೆವೆಲ್ ಒಂದು ಕಡೆ, ಅಳತೆಗೋಲಾದ ಸ್ಟಾಫ್ ಇನ್ನೊಂದು ಕಡೆ. ಒಂಟಿ ಕೆಲಸದ ಮಾತೇ ಇಲ್ಲ. ಇಲ್ಲಿ ಗುಂಪು ಕೆಡುವುದು ಫೀಲ್ಡ್ ಬುಕ್‌ನಲ್ಲಿ. 1.435 ಮೀಟರ್ ಎಂದು ಕೂಗಿದ್ದನ್ನು 1.345 ಎಂದು ಬರೆದರೂ ಬ್ಯಾಕ್‌ಸೈಟ್ (ಉಪಕರಣ ಇಟ್ಟ ಮೇಲಿನ ಮೊದಲ ರೀಡಿಂಗ್) ಮೊತ್ತದಿಂದ ಫೋರ್‌ಸೈಟ್ (ಎತ್ತುವ ಮುಂಚಿನ ಕೊನೆಯ ರೀಡಿಂಗ್) ಮೊತ್ತ ಕಳೆಯುವ ಚೆಕ್ ಸಲೀಸಾಗಿ ತಾಳೆಯಾಗುತ್ತದೆ, ಏಕೆಂದರೆ ಅದು ನೋಡುವುದು ಕೂಡು-ಕಳೆಯುವ ಲೆಕ್ಕವನ್ನಷ್ಟೇ. ಹೊರಟ ಬೆಂಚ್‌ಮಾರ್ಕ್‌ಗೇ (ಎತ್ತರ ಗೊತ್ತಿರುವ ಗುರುತಿಗೇ) ಮರಳಿ ಮುಚ್ಚಿದಾಗ 90 ಮಿ.ಮೀ. ವ್ಯತ್ಯಾಸ ಎದ್ದು ಕಾಣುತ್ತದೆ, 1 ಕಿ.ಮೀ. ಸುತ್ತಿಗೆ ಸಾಮಾನ್ಯ ಲೆವೆಲಿಂಗ್‌ನಲ್ಲಿ ಒಪ್ಪುವುದು ಸುಮಾರು 24 ಮಿ.ಮೀ. ಮಾತ್ರ. (ತಪ್ಪು ಇವೆರಡರ ನಡುವಿನ ರೀಡಿಂಗ್ ಆದ ಇಂಟರ್‌ಮೀಡಿಯೆಟ್ ಸೈಟ್‌ನಲ್ಲಿದ್ದರೆ ಇದಕ್ಕೂ ಸಿಗುವುದಿಲ್ಲ.) ಬರೆದವರು ಓದಿ ಹೇಳಬೇಕು, ಪ್ರತಿ ಚೇಂಜ್ ಪಾಯಿಂಟ್‌ಗೆ (ಉಪಕರಣ ಜಾಗ ಬದಲಿಸುವಾಗ ಸ್ಟಾಫ್ ನಿಲ್ಲುವ ಬಿಂದುವಿಗೆ) ಕೆಲಸ ಅದಲು ಬದಲಾಗಬೇಕು, ಸಾಲಿನ ಪಕ್ಕ ಇನಿಷಿಯಲ್ ಬೀಳಬೇಕು.

ನಾಲ್ವರ ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ತಕರಾರೆಲ್ಲ ಅಂಕದ್ದು. ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ದುಡಿದವರಿಗೆ ಅನ್ಯಾಯ. ಗಿಟ್ ಕಮಿಟ್ (ಯಾರು ಕೋಡ್ ಬದಲಿಸಿದರು ಎಂಬ ದಾಖಲೆ) ಎಣಿಸುವುದೂ ದಾರಿಯಲ್ಲ. ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆದವರ ಲೆಕ್ಕ ಸೊನ್ನೆ ಆಗುತ್ತದೆ. ವಾಸಿ ಅನ್ನಿಸುವುದು ಪರಸ್ಪರ 5ಕ್ಕೆ ಅಂಕ ಹಾಕಿಸಿ, ಒಬ್ಬರ ಸರಾಸರಿಯನ್ನು ತಂಡದ ಸರಾಸರಿಯಿಂದ ಭಾಗಿಸಿ, ಬಂದದ್ದರಿಂದ ತಂಡದ ಅಂಕವನ್ನು ಗುಣಿಸುವುದು. ತಂಡಕ್ಕೆ 80 ಬಂದು, ತಂಡದ ಸರಾಸರಿ 4 ಇದ್ದರೆ, 3 ಪಡೆದವರಿಗೆ 60, 4.4 ಪಡೆದವರಿಗೆ 88. ಎಲ್ಲರೂ ಎಲ್ಲರಿಗೂ 5 ಹಾಕಿ ಕೊಟ್ಟ ತಂಡವನ್ನು ವೈವಾಗೆ (ಮೌಖಿಕ ಪರೀಕ್ಷೆಗೆ) ಕರೆದು, ಒಬ್ಬರ ಮಾಡ್ಯೂಲ್ ಬಗ್ಗೆ ಇನ್ನೊಬ್ಬರನ್ನು ಕೇಳಿ.